ಪುಸ್ತಕಕ್ಕೆ ಬೇಕಾದ ಗೋಡೆ

ಇಲ್ಲ, ಇಲ್ಲ! ಮೊದಲು ಆ ಅಳತೆಯ ಟೇಪನ್ನು ಸುತ್ತಿ ಜೇಬಿಗೆ ಹಾಕಿ ಅಳಿಯಂದಿರೇ, ಆಮೇಲೆ ಮಾತು. ಅದು ಸರ್ರೆಂದು ಒಳಗೆ ಹೋಗುವ ಸದ್ದು ಕೇಳಿದರೆ ಯಾರೋ ನನ್ನ ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿದ ಹಾಗಾಗುತ್ತದೆ. ಹಾಂ... ಈಗ ಸರಿ. ಕೂತುಕೊಳ್ಳಿ. ಎಲ್ಲಿ ಅಂತ ನನ್ನನ್ನು ಕೇಳಬೇಡಿ. ಈ ಮನೆಯಲ್ಲಿ ಕುರ್ಚಿ ಯಾವುದು, ಪೆಟ್ಟಿಗೆ ಯಾವುದು, ಮೆಟ್ಟಿಲು ಯಾವುದು ಅನ್ನುವುದು ಕಟ್ಟಿದವರಿಗೇ ಗೊತ್ತಿರಬೇಕು.

ಎಲ್ಲಿದ್ದೆ? ಹೂಂ, ಗೋಡೆ. ನಾನು ಇಲ್ಲಿಗೆ ಬಂದು ಇದು ಮೂರನೆಯ ದಿನ. ಊಟ ಮುಗಿದು ಇನ್ನೂ ಕೈ ಒಣಗಿಲ್ಲ. ಮೊಮ್ಮಗಳು, ಆ ಚಿನಕುರುಳಿ, ಶಾಲೆಯಿಂದ ಬರಲು ಹೊತ್ತಿದೆ. ನಿಮ್ಮ ಹೆಂಡತಿ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ ಏನಂದಳು? ನೀವೂ ಕೇಳಿದ್ದೀರಿ. "ಅಪ್ಪಾ, ಈ ಮನೇಲಿ ಖಾಲಿ ಗೋಡೆ ಅಂತ ಇರೋದು ಇದೊಂದೇ. ನಿಮ್ಮ ಪುಸ್ತಕಕ್ಕೋ, ಮಗು ಮಂಚಕ್ಕೋ, ಮಾವ ಅಳಿಯ ಕೂತು ಇತ್ಯರ್ಥ ಮಾಡ್ಕೊಳಿ. ನಾಳೆ ಬಡಗಿ ಬರ್ತಾನೆ. ನಾನು ಸಂಜೆ ಬರೋ ಹೊತ್ತಿಗೆ ಏನಾದರೂ ಒಂದು ಹೇಳಿ." ಹೇಳಿ, ಬಾಗಿಲೆಳೆದುಕೊಂಡು ನಡೆದೇಬಿಟ್ಟಳು. ತಾಯಿಯ ಮಗಳು! ಜಗಳದ ಗಂಟನ್ನು ಗಂಡಸರ ಮಡಿಲಿಗೆ ಹಾಕಿ ತಾನು ಹೊಸ್ತಿಲು ದಾಟುವುದು ನಿಮ್ಮ ಅತ್ತೆಯದೇ ಪಾಠ.

ಇತ್ಯರ್ಥವೇನು ಬಂತು? ನನ್ನದು ಒಂದೇ ಮಾತು. ಪುಸ್ತಕದ ಪೆಟ್ಟಿಗೆಗಳು ಈ ಗೋಡೆಗೆ ಒರಗಿ ಈಗ ಹೇಗಿವೆಯೋ ಹಾಗೇ ಇರುತ್ತವೆ. ಕಪಾಟು ಬೇಡ, ಹಲಗೆ ಬೇಡ, ಮೊಳೆ ಬೇಡ, ನಿಮ್ಮ ಪ್ರತಿಭೆಯಂತೂ ಬೇಡವೇ ಬೇಡ.

ಏನು? ನಗುತ್ತಿದ್ದೀರಾ? ಇಲ್ಲವೇ? ಸರಿ. ಕೆಮ್ಮಿದ ಹಾಗೆ ಕೇಳಿಸಿತು, ಅದಕ್ಕೆ ಕೇಳಿದೆ.

ನೋಡಿ, ನಿಮ್ಮ ಕಸುಬಿನ ಮೇಲೆ ನನಗೆ ದ್ವೇಷವಿಲ್ಲ. ತಾತ್ಸಾರ ಮಾತ್ರ. ಎರಡಕ್ಕೂ ವ್ಯತ್ಯಾಸವಿದೆ, ದ್ವೇಷಕ್ಕೆ ಶ್ರಮ ಬೇಕು. ನೀವು ಕಟ್ಟಿಕೊಡುವ ಪುಟ್ಟ ಮನೆಗಳ ಚಿತ್ರ ಪತ್ರಿಕೆಗಳಲ್ಲಿ ಬರುತ್ತದಂತೆ. 'ಅಂಗೈಯಗಲದಲ್ಲಿ ಅರಮನೆ' ಅಂತ ತಲೆಬರಹ ಕೊಟ್ಟಿದ್ದರು ಅಂತ ಮಗಳು ಹಿಗ್ಗಿ ಹೀರೇಕಾಯಿಯಾಗಿ ಫೋನಿನಲ್ಲಿ ಓದಿ ಹೇಳಿದಳು. ಅಂಗೈಯಲ್ಲಿ ಆಕಾಶ ತೋರಿಸುವವರನ್ನು ನಾನು ಕಾಲೇಜಿನಲ್ಲಿ ಬೇಕಾದಷ್ಟು ಕಂಡಿದ್ದೆ. ಅಂಗೈಯಲ್ಲಿ ಬಚ್ಚಲುಮನೆ ತೋರಿಸುವವರನ್ನು ಕಂಡದ್ದು ನಿಮ್ಮಲ್ಲೇ.

ಅಲ್ಲ, ಬಚ್ಚಲುಮನೆಯ ವಿಷಯ ಬಂದದ್ದಕ್ಕೆ ಕೇಳುತ್ತೇನೆ. ಬಚ್ಚಲಿನ ಬಾಗಿಲಿಗೆ ಕಪಾಟಿನ ವೇಷ ಯಾಕೆ ಹಾಕಿದಿರಿ? ಬಂದ ದಿನ ಸಂಜೆ ನಾನು ಗೋಡೆಯುದ್ದಕ್ಕೂ ಕೈಯಾಡಿಸಿಕೊಂಡು ಹೋದೆ. ಒಂದು ಹಿಡಿ ಎಳೆದರೆ ಇಸ್ತ್ರಿಮಣೆ ಮೈಮೇಲೆ ಬಂತು. ಇನ್ನೊಂದು ಎಳೆದರೆ ಕೊಡೆಗಳು. ಮತ್ತೊಂದು ಎಳೆದರೆ ನಿಮ್ಮ ಮಗಳ ಬಣ್ಣದ ಸೀಸೆಗಳು ಧಡಧಡ ಉರುಳಿದವು. ಕೊನೆಗೆ ಮಗುವೇ ಬಂದು, "ಅಜ್ಜಾ, ಇದು ಬಾಗಿಲು, ಇಲ್ಲಿ ಒತ್ತಬೇಕು" ಅಂತ ನನ್ನ ಬೆರಳು ಹಿಡಿದು ಒತ್ತಿಸಿತು. ಈ ವಯಸ್ಸಿನವನನ್ನು ಆ ಹೊತ್ತಿನಲ್ಲಿ ಒಗಟು ಬಿಡಿಸಲು ಹಚ್ಚುವುದು ಯಾವ ನ್ಯಾಯ ಸ್ವಾಮಿ? ಹಿಡಿಗೆ ಬೇರೆ ಬಣ್ಣವಿದೆ ಅನ್ನುತ್ತೀರಾ? ಇರಬಹುದು! ಬಣ್ಣ ನೋಡಿಕೊಂಡು ಬಚ್ಚಲಿಗೆ ಹೋಗುವ ಸಂಪ್ರದಾಯ ನನ್ನದಲ್ಲ.

ಆಮೇಲೆ ಆ ಕನ್ನಡಿ. ಓಣಿಯಷ್ಟಗಲದ ಜಾಗದ ತುದಿಗೆ ನೆಲದಿಂದ ಚಾವಣಿವರೆಗೆ ಕನ್ನಡಿ ಹೊಡೆದಿದ್ದೀರಿ, ಮನೆ ಎರಡರಷ್ಟು ಕಾಣಲಿ ಅಂತ. ಕಾಣುತ್ತದೆ, ಒಪ್ಪಿದೆ. ನಿನ್ನೆ ಬೆಳಿಗ್ಗೆ ಎದುರಿನಿಂದ ಯಾರೋ ಹಿರಿಯರು ಬಂದರು. ನಿಮ್ಮ ಕಡೆಯ ನೆಂಟರೇನೋ ಅಂದುಕೊಂಡು ನಾನು ಗೋಡೆಗೆ ಸರಿದು ದಾರಿ ಬಿಟ್ಟೆ. ಅವರೂ ಬಿಟ್ಟರು. "ನೀವು ಮೊದಲು" ಅಂದೆ. ಅವರ ತುಟಿಯೂ ಏನೋ ಅಂದ ಹಾಗಿತ್ತು. ಇಬ್ಬರೂ ಮರ್ಯಾದಸ್ಥರು, ಯಾರೂ ಕದಲಲಿಲ್ಲ! ಮಗು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ತಮಾಷೆಗೆ ಮಾಡಿದೆ ಅಂದೆ. ತಮಾಷೆಗೇ ಮಾಡಿದ್ದು. ಏಕೆ, ನಂಬಿಕೆಯಿಲ್ಲವೇ?

ಇರಲಿ. ನಿಮ್ಮ ಊಟದ ಮೇಜು! ಅಯ್ಯಯ್ಯೋ, ಅದೊಂದು ಮಹಾಕಾವ್ಯ. ಚಾವಣಿಯಲ್ಲಿ ರಾಟೆ, ರಾಟೆಗೆ ಹಗ್ಗ, ಹಗ್ಗಕ್ಕೆ ಮೇಜು. ಊಟದ ಹೊತ್ತಿಗೆ ಇಳಿಯುತ್ತದೆ, ಉಂಡ ಮೇಲೆ ಏರುತ್ತದೆ. ನಿನ್ನೆ ರಾತ್ರಿ ನಾನು ಇನ್ನೂ ಮಜ್ಜಿಗೆ ಕುಡಿಯುತ್ತಿದ್ದೆ, ನೀವು ಹಗ್ಗ ಎಳೆದಿರಿ. ಮಜ್ಜಿಗೆಯ ಲೋಟ ನನ್ನ ಕಣ್ಣೆದುರೇ ಸ್ವರ್ಗಾರೋಹಣ ಮಾಡಿತು. ನೀವೋ, "ಮಾವ, ಮುಗೀತು ಅಂದ್ಕೊಂಡೆ" ಅಂದಿರಿ. ಮುಗಿದಿತ್ತೋ ಇಲ್ಲವೋ ಲೋಟದೊಳಗೆ ನೋಡಿದ್ದರೆ ಗೊತ್ತಾಗುತ್ತಿತ್ತು. ನನ್ನ ಜೀವಮಾನದಲ್ಲಿ ಮೇಜಿನ ಮುಂದಿನಿಂದ ಮನುಷ್ಯರು ಎದ್ದು ಹೋದದ್ದನ್ನು ನೋಡಿದ್ದೇನೆ. ಮನುಷ್ಯರ ಮುಂದಿನಿಂದ ಮೇಜು ಎದ್ದು ಹೋದದ್ದು ಇದೇ ಮೊದಲು.

ಇನ್ನು ಮೆಟ್ಟಿಲು. ಒಂದೊಂದು ಮೆಟ್ಟಿಲೂ ಒಂದೊಂದು ಡ್ರಾಯರು. ಕೆಳಗಿನದರಲ್ಲಿ ಅಕ್ಕಿ ಬೇಳೆ, ಅದರ ಮೇಲೆ ಕಾಲುಚೀಲ, ಅದರ ಮೇಲೆ ನನ್ನ ಔಷಧಿ. ನನ್ನ ಮಗಳು ನನ್ನ ಔಷಧಿಯನ್ನು ತುಳಿದುಕೊಂಡು ಮಲಗಲು ಹೋಗುತ್ತಾಳೆ! ಹೋಗುವುದಾದರೂ ಎಲ್ಲಿಗೆ? ಆ ಅಟ್ಟಕ್ಕೆ. ಅಲ್ಲಿ ಎದ್ದು ಕೂತರೆ ತಲೆ ಚಾವಣಿಗೆ ಢಣ್. ಹುಟ್ಟಿದಾಗಿನಿಂದ ಎದ್ದು ಕೂತು, ಊರಿಗೇ ಕೇಳುವ ಹಾಗೆ ಆಕಳಿಸಿ, ಮೈಮುರಿದು ದಿನ ಶುರು ಮಾಡುತ್ತಿದ್ದ ಹುಡುಗಿ ಈಗ ಹಲ್ಲಿಯ ಹಾಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಕೆಳಗಿಳಿಯುತ್ತಾಳೆ. ಕೇಳಿದರೆ, "ಅಭ್ಯಾಸ ಆಗಿದೆ ಅಪ್ಪಾ" ಅನ್ನುತ್ತಾಳೆ. ಅಭ್ಯಾಸ! ಅದಕ್ಕೆ ಮನೆ ಅನ್ನುತ್ತಾರೆಯೇ, ವ್ಯಾಯಾಮಶಾಲೆ ಅನ್ನುತ್ತಾರೆಯೇ?

ಮೆಲ್ಲಗೆ ಏನೋ ಅಂದಿರಿ. ಏನಂದಿರಿ? ಹಣೆ ಉಜ್ಜಿಕೊಂಡಿರಾ? ಸಿಟ್ಟು ಬಂದಿದ್ದರೆ ಬಾಯಿ ಬಿಟ್ಟು ಹೇಳಿ. ಮೌನವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಿಮ್ಮ ಗಿರಾಕಿಗಳ ಕಥೆಯೂ ನನಗೆ ಗೊತ್ತು. ಒಬ್ಬ ಬ್ಯಾಂಕಿನ ಗುಮಾಸ್ತರಿಗೆ ಕಾರಿನ ಶೆಡ್ಡಿನೊಳಗೆ ಸಂಸಾರ ಕಟ್ಟಿಕೊಟ್ಟಿರಂತೆ. ಆ ಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದರೆ ಬೀದಿಬಾಗಿಲು ತೆರೆಯುವುದಿಲ್ಲವಂತೆ. ಬಂದ ನೆಂಟರು, ಒಳಗೆ ಹಾಲು ತೆಗೆದಿಟ್ಟು ಮುಗಿಯುವ ತನಕ ಹೊರಗೆ ನಿಂತಿರಬೇಕಂತೆ. ಮಗಳು ಇದನ್ನು ನಗುತ್ತ ಹೇಳಿದಳು. ನಾನು ನಗಲಿಲ್ಲ. ಇನ್ನೊಂದು ಮನೆಯಲ್ಲಿ ಗಂಡ ಮಂಚ ಇಳಿಸಬೇಕಾದರೆ ಹೆಂಡತಿ ಹೊಲಿಗೆಯಂತ್ರ ಮಡಚಬೇಕಂತೆ. ಅವಳು ಮಡಚುವುದಿಲ್ಲ, ಇವನು ಮಲಗುವ ಹಾಗಿಲ್ಲ. ಅವರಿಬ್ಬರ ಜಗಳಕ್ಕೆ ನೀವೇ ಕೀಲು ಹಾಕಿ ಕೊಟ್ಟಿದ್ದೀರಿ, ಎಣ್ಣೆ ಬಿಟ್ಟು!

ನಮ್ಮ ಅಲಂಕಾರಶಾಸ್ತ್ರದಲ್ಲಿ ಶ್ಲೇಷ ಅಂತ ಇದೆ. ಒಂದೇ ಮಾತಿಗೆ ಎರಡು ಅರ್ಥ. ಕೆಟ್ಟ ಕವಿಗಳಿಗೆ ಅದೊಂದು ಚಟ. ಪದ್ಯದುದ್ದಕ್ಕೂ ಶ್ಲೇಷ ತುಂಬಿ ಕೊನೆಗೆ ಒಂದು ಅರ್ಥವೂ ಉಳಿಯದ ಹಾಗೆ ಮಾಡುತ್ತಾರೆ. ನಿಮ್ಮ ಮನೆಯೂ ಹಾಗೇ. ಮೆಟ್ಟಿಲು ಮೆಟ್ಟಿಲಾಗಿಯೂ ಇಲ್ಲ, ಡ್ರಾಯರು ಡ್ರಾಯರಾಗಿಯೂ ಇಲ್ಲ. ಮೇಜು ಎಂದರೆ ಚಾವಣಿ, ಬಾಗಿಲೆಂದರೆ ಕಪಾಟು. ಒಂದಾದರೂ ವಸ್ತು ತಾನು ತಾನಾಗಿ ಇರಬಾರದೇ? ಗೋಡೆ ಗೋಡೆಯಾಗಿ? ಪೆಟ್ಟಿಗೆ ಪೆಟ್ಟಿಗೆಯಾಗಿ?

ಮತ್ತೆ ಆ ನಕ್ಷೆ ತೆಗೆದಿರಾ? ಕಾಗದದ ಸದ್ದು ಕೇಳಿದೆ. ಕೊಡಿ ಇಲ್ಲಿ. ನೋಡೋಣ, ಏನು ಘನಕಾರ್ಯ ಅಂತ. ಹೂಂ... ಹೂಂ... ಗೀಟುಗಳು. ಚೌಕಗಳು. ಇಲ್ಲಿ ಏನೋ ಗೀಚಿದ್ದೀರಿ. ಛೇ, ಬೆಳಕೇ ಇಲ್ಲ ನಿಮ್ಮ ಮನೆಯಲ್ಲಿ. ದೀಪಗಳನ್ನೂ ಗೋಡೆಯೊಳಗೆ ಬಚ್ಚಿಟ್ಟಿದ್ದೀರಿ, ಜಾಗ ಉಳಿಸಲು. ಏನು? ತಲೆಕೆಳಗಾಗಿ ಹಿಡಿದಿದ್ದೇನೆಯೇ? ಹಿಡಿದರೆ ಹಿಡಿದೆ! ಮೇಜು ಚಾವಣಿಯಲ್ಲಿ ತೂಗುವ ಮನೆಗೆ ತಲೆ ಯಾವುದು, ಕಾಲು ಯಾವುದು? ತಗೊಳ್ಳಿ, ನೀವೇ ಓದಿ ಹೇಳಿ. ನಿಮ್ಮ ಬರಹ ನೋಡಿದರೆ ನನ್ನ ಕಣ್ಣಿಗೆ ಅಪಮಾನವಾಗುತ್ತದೆ.

...ಏನಂದಿರಿ? ಇನ್ನೊಮ್ಮೆ ಹೇಳಿ.

ಎರಡೂ? ಗೋಡೆಯ ನಡುವೆ ಮಗುವಿನ ಮಂಚ, ಅದು ಹಗಲು ಮಡಚಿಕೊಂಡು ಗೋಡೆಯೊಳಗೆ ಹೋಗುತ್ತದೆ. ಮಂಚದ ಸುತ್ತ, ಆಚೆ ಈಚೆ, ಮೇಲೆ, ಮಡಚಿದ ಮಂಚದ ಬೆನ್ನಿನ ಮೇಲೂ ನನ್ನ ಪುಸ್ತಕ? ಅಂದರೆ ಹಗಲು ನೋಡಿದರೆ ಇಡೀ ಗೋಡೆ ಪುಸ್ತಕ, ರಾತ್ರಿ ಇಳಿಸಿದರೆ ಪುಸ್ತಕಗಳ ನಡುವೆ ಮಗು ಮಲಗುತ್ತದೆ... ಇದನ್ನು ನೀವು ಯಾವಾಗ ಬರೆದಿರಿ? ನಾವೆಲ್ಲ ಮಲಗಿದ ಮೇಲೆಯೇ? ಅಟ್ಟದಲ್ಲಿ ಬಗ್ಗಿಕೊಂಡು?

ಹೂಂ.

ಚೆನ್ನಾಗಿಲ್ಲ.

ಚೆನ್ನಾಗಿಲ್ಲ ಅಂದೆ! ಮಲಗಿದ ಮಗುವಿನ ತಲೆಯ ಮೇಲೆ ನಿಘಂಟು ಬಿದ್ದರೆ ಯಾರು ಹೊಣೆ? ಹಳೆಯ ಪುಸ್ತಕದ ದೂಳು ಮಗುವಿನ ಮೂಗಿಗೆ. ದಿನಕ್ಕೆರಡು ಸಲ ಮಂಚ ಏರಿಸಿ ಇಳಿಸಿದರೆ ನನ್ನ ಗ್ರಂಥಗಳಿಗೆ ತೊಟ್ಟಿಲ ಯೋಗ. ಜೋಗುಳ ಹಾಡುವವರು ಯಾರು? ನೀವೇ? ಬೇಡ. ಪುಸ್ತಕ ಪೆಟ್ಟಿಗೆಯಲ್ಲೇ ಇರಲಿ. ಮಗು ಈಗ ಅಡುಗೆಮನೆಯ ಬಾಗಿಲಲ್ಲಿ ಹಾಸಿಗೆ ಬಿಡಿಸಿಕೊಂಡು ಮಲಗುತ್ತಿದೆಯಲ್ಲ, ಅಲ್ಲೇ... ಅಲ್ಲೇ ಇನ್ನಷ್ಟು ದಿನ ಮಲಗಲಿ. ಮಕ್ಕಳಿಗೆ ಎಲ್ಲಿ ಮಲಗಿದರೂ ನಿದ್ದೆ ಬರುತ್ತದೆ.

ಗೊತ್ತು. ಗೊತ್ತು, ಅದರ ಕೋಣೆಯಲ್ಲಿ ಈಗ ನಾನಿದ್ದೇನೆ. ಎತ್ತಿ ಆಡಬೇಡಿ. ನೀವು ಎತ್ತಿ ಆಡಲಿಲ್ಲ? ಹಾಗಾದರೆ ನನಗೇ ಕೇಳಿಸಿತು.

ಏನು ಮಾಡಲಿ ಹೇಳಿ? ಬಾಡಿಗೆ ಮನೆಯ ಯಜಮಾನರು ಕೆಡವಿಸಿ ಹೊಸದು ಕಟ್ಟಿಸುತ್ತೇವೆ ಅಂದರು. ನಿಮ್ಮ ಅತ್ತೆ ಇದ್ದಿದ್ದರೆ ಇಬ್ಬರೂ ಬೇರೆಲ್ಲಾದರೂ ಎರಡು ಕೋಣೆ ನೋಡಿಕೊಳ್ಳುತ್ತಿದ್ದೆವು. ಅವಳು ಹೋದ ಮೇಲೆ... ಒಬ್ಬನೇ ಇರುವುದು ಆಗುವುದಿಲ್ಲ ಅಂತಲ್ಲ. ಆಗುತ್ತದೆ. ಮಗಳು ಹಟ ಹಿಡಿದಳು, ಬಂದೆ. ಆದರೆ ಬರುವಾಗ ಬರಿಗೈಲಿ ಬರಲಿಲ್ಲ! ಅದನ್ನು ಗಮನಿಸಿ. ಲಾರಿ ತುಂಬ ಗ್ರಂಥ ಹೇರಿಕೊಂಡು ಬಂದೆ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು. "ಯಾರದು ಇಷ್ಟೊಂದು ಪುಸ್ತಕ?" ಅಂತ ಕೆಳಮನೆಯಾಕೆ ಕೇಳಿದರೆ, ನಿಮ್ಮ ಹೆಂಡತಿ ಎದೆಯುಬ್ಬಿಸಿ, "ನಮ್ಮ ತಂದೇದು, ಅವರು ದೊಡ್ಡ ವಿದ್ವಾಂಸರು" ಅಂದಳು. ಕೇಳಿದಿರಲ್ಲ? ಲಾರಿ ತುಂಬ ಪುಸ್ತಕದೊಂದಿಗೆ ಮಗಳ ಮನೆಗೆ ಬಂದವನು ವಿದ್ವಾಂಸ. ಒಂದು ಕೈಚೀಲ ಹಿಡಿದು ಬಂದವನು... ಅವನಿಗೂ ಒಂದು ಹೆಸರಿದೆ. ಅದನ್ನು ಯಾರೂ ಎದುರಿಗೆ ಹೇಳುವುದಿಲ್ಲ, ಕಾಫಿ ಕೊಡುವ ರೀತಿಯಲ್ಲಿ ತಿಳಿಸುತ್ತಾರೆ.

ಅಲ್ಲ, ನೀವು ಹಾಗೆ ಕೊಟ್ಟಿದ್ದೀರಿ ಅನ್ನುತ್ತಿಲ್ಲ. ನಿಮ್ಮ ಕಾಫಿ ಚೆನ್ನಾಗಿದೆ. ಲೋಟ ಚಿಕ್ಕದು, ಅದೂ ಜಾಗ ಉಳಿಸಲು ಇರಬೇಕು.

ಇದೇನು ಕೈಯಲ್ಲಿ? ಏನೋ ಕಿಣಿಕಿಣಿ ಅಂತಿದೆ. ತಕ್ಕಡಿ? ಕೊಕ್ಕೆಯ ತಕ್ಕಡಿ? ಯಾಕೆ?

ತೂಗುವುದಕ್ಕೆ! ಪುಸ್ತಕವನ್ನು! ಭೇಷ್! ತರಕಾರಿ ಅಂಗಡಿ ಇಡಲಿಲ್ಲವೇಕೆ ನೀವು? ನಾನು ಆಯುಸ್ಸು ಸವೆಸಿ ಓದಿದ್ದನ್ನು ನೀವು ಕೊಕ್ಕೆಗೆ ನೇತುಹಾಕಿ, ಇಷ್ಟು ಕೇಜಿ ಗದ್ಯ, ಇಷ್ಟು ಕೇಜಿ ವ್ಯಾಕರಣ ಅಂತ ಬರೆದುಕೊಳ್ಳುತ್ತೀರಾ? ಮೂರು ಭಾಷೆಯ ಪಂಡಿತರು ನನ್ನ ತೂಕ ನೋಡಲು ಹೆದರುತ್ತಿದ್ದರು. ನೀವು ಹೊರಟಿರಿ, ಕೊಕ್ಕೆ ಹಿಡಿದು!

ಹೌದು, ಹೌದು, ಬೆಳಿಗ್ಗೆಯೇ ಹೇಳಿದಿರಿ. ನಿಮ್ಮ ಕ್ರಮ ಅದು. ತೂಗದೆ ಹಲಗೆ ಹಾಕುವುದಿಲ್ಲ. ಇದು ಇಟ್ಟಿಗೆಯ ಗೋಡೆಯಲ್ಲ, ಪೊಳ್ಳು ಗೋಡೆ. ಭಾರ ಎಷ್ಟೆಂದು ಗೊತ್ತಿಲ್ಲದೆ ಕೀಲು ಕೂರಿಸಿದರೆ ಮಂಚ, ಮಗು, ಪುಸ್ತಕ ಎಲ್ಲ ಒಟ್ಟಿಗೆ ಕೆಳಗೆ. ಅದಕ್ಕೆ ಪ್ರತಿಯೊಂದು ಮನೆಯಲ್ಲೂ ಪಾತ್ರೆ ತೂಗುತ್ತೀರಿ, ಬಟ್ಟೆ ತೂಗುತ್ತೀರಿ, ಮನುಷ್ಯರನ್ನೂ ತೂಗುತ್ತೀರಿ. ಆ ಗುಮಾಸ್ತರ ಹೆಂಡತಿ ತನ್ನ ತೂಕ ಹೇಳಲೊಲ್ಲದೆ ಸುಳ್ಳು ಹೇಳಿ, ಮಂಚದ ಸ್ಪ್ರಿಂಗು ಎರಡು ತಿಂಗಳಿಗೆ ಕಿತ್ತುಹೋಯಿತಂತಲ್ಲ... ಅದು ಮಾತ್ರ ನನಗೆ ನಗು ಬರಿಸಿತು.

ಸರಿ. ತೂಗಲೇಬೇಕು ಅಂತಿದ್ದರೆ ಇದನ್ನು ತೂಗಿ. ಇಗೋ, ಈ ಮೂಲೆಯ ಪೆಟ್ಟಿಗೆ. ಹಗ್ಗ ಕಟ್ಟಿದ್ದು. ಇದೇ. ಬೇಕಾದರೆ ಬಿಚ್ಚಿ ನೋಡಿ, ಮೇಲೆ ನಿಘಂಟಿದೆ, ಕೆಳಗೆ ವ್ಯಾಕರಣ. ಎತ್ತಿ. ಹ್ಹಹ್ಹಾ! ಎತ್ತಲಾಗುವುದಿಲ್ಲ ಅಲ್ಲವೇ? ಉಸಿರು ಕಟ್ಟಿತೇ? ತೋಳಿಗೆ ಈಗ ಗೊತ್ತಾಯಿತು, ಪಾಂಡಿತ್ಯ ಅಂದರೆ ಏನು ಅಂತ! ಎಷ್ಟಾಯಿತು? ಅಷ್ಟೇ? ಇನ್ನೂ ಹೆಚ್ಚಿರಬೇಕು, ನಿಮ್ಮ ತಕ್ಕಡಿ ಸೋಮಾರಿ. ಹೋಗಲಿ, ಅದನ್ನೇ ಪೆಟ್ಟಿಗೆಗಳ ಲೆಕ್ಕದಿಂದ ಗುಣಿಸಿ. ಗುಣಿಸಿದಿರಾ? ಈ ಪೊಳ್ಳು ಗೋಡೆ ಹೊರುತ್ತದೆಯೇ? ಹೊರುವುದಿಲ್ಲ! ನಾನು ಮೊದಲೇ ಹೇಳಿದೆ. ಮುಗಿಯಿತು. ಪೆಟ್ಟಿಗೆಗಳು ನೆಲದ ಮೇಲೆ ಹೀಗೇ ಇರಲಿ. ಇತ್ಯರ್ಥ ಆಯಿತು, ಮಗಳಿಗೆ ಹೇಳಿಬಿಡೋಣ. ಒಂದು ಲೋಟ ನೀರು ಕೊಡಿ.

ಯಾಕೆ ನಿಂತಿರಿ?

ಇನ್ನೊಂದು ಯಾಕೆ ತೂಗಬೇಕು? ಒಂದಗುಳು ಹಿಚುಕಿದರೆ ಸಾಲದೇ? ನಿಘಂಟಿನ ಪೆಟ್ಟಿಗೆ ಭಾರ, ಕಥೆ ಕಾದಂಬರಿಯದು ಹಗುರವಿರಬಹುದು, ಸರಾಸರಿ ತೆಗೆದರೆ ಗೋಡೆ ಹೊತ್ತರೂ ಹೊರಬಹುದು... ಅಯ್ಯಾ, ನಿಮಗೆ ಏಕೆ ಈ ಹಟ? ನಾನು ಬೇಡ ಅಂತಿದ್ದೇನೆ! ನನ್ನ ಪುಸ್ತಕವನ್ನು ಗೋಡೆಗೇರಿಸಿಯೇ ತೀರುತ್ತೇನೆ ಅಂತ ನೀವೇಕೆ ಸೊಂಟ ಕಟ್ಟಿ ನಿಂತಿದ್ದೀರಿ?

ಏನಂದಿರಿ? ಕೇಳಿಸಲಿಲ್ಲ. ಜೋರಾಗಿ ಹೇಳಿ.

...ನನಗಾಗಿಯೇ? ಬೆಳಿಗ್ಗೆ ಎದ್ದು ಕೋಣೆಯಿಂದ ಹೊರಗೆ ಬಂದರೆ ನನ್ನ ಪುಸ್ತಕ ನನಗೆ ಕಾಣಬೇಕು, ಪೆಟ್ಟಿಗೆಯ ರಟ್ಟು ಕಾಣಬಾರದು ಅಂತ?

ಇದೆಲ್ಲ ಗಿರಾಕಿಗಳ ಹತ್ತಿರ ಆಡುವ ಮಾತು. ನನ್ನ ಹತ್ತಿರ ಬೇಡ. ನನಗೆ ಪುಸ್ತಕ ಕಂಡರೂ ಒಂದೇ, ಕಾಣದಿದ್ದರೂ ಒಂದೇ. ಓದಿದ್ದೆಲ್ಲ ಇಲ್ಲಿದೆ, ಹಣೆಯೊಳಗೆ. ಕೊನೆಯ ವರ್ಷಗಳಲ್ಲಿ ನಾನು ಪುಸ್ತಕ ಬಿಡಿಸುತ್ತಲೇ ಇರಲಿಲ್ಲ, ಗೊತ್ತೇ? ನಿಮ್ಮ ಅತ್ತೆ ಓದುತ್ತಿದ್ದಳು, ನಾನು ಕೇಳುತ್ತಿದ್ದೆ. ಅವಳ ಉಚ್ಚಾರ ತಿದ್ದುವುದಕ್ಕೆ, ಅಷ್ಟೆ. ಮಹಾಪ್ರಾಣ ಬಂದಲ್ಲೆಲ್ಲ ನುಂಗುತ್ತಿದ್ದಳು. ಮಧ್ಯಾಹ್ನವೆಲ್ಲ ಓದಿಸುತ್ತಿದ್ದೆ. ಗಂಟಲು ಒಣಗಿತು ಅಂದರೆ ನೀರು ಕುಡಿದು ಮುಂದುವರಿಸು ಅನ್ನುತ್ತಿದ್ದೆ. ತಿದ್ದಲು... ಹೂಂ. ಅವಳಿಗೂ ಕೊನೆಗೆ ನುಂಗುವುದು ಕಡಿಮೆಯಾಗಿತ್ತು.

ಎಲ್ಲಿ ಹೊರಟಿರಿ? ಅತ್ತ ಹೋಗಬೇಡಿ. ಆ ಸಾಲು ಮುಟ್ಟಬೇಡಿ, ಜೋಡಣೆ ಕೆಡುತ್ತದೆ. ನನ್ನದೊಂದು ಕ್ರಮವಿದೆ, ಕಾಲಾನುಕ್ರಮ. ಲಾರಿಯವರಿಗೂ ಹಾಗೇ ಹೇಳಿದ್ದೆ. ಅವರೋ, ಮೂರು ಮೂರು ಪೆಟ್ಟಿಗೆ ಒಂದರ ಮೇಲೊಂದು ಹೊತ್ತು ಶಿಳ್ಳೆ ಹಾಕುತ್ತ ಮೆಟ್ಟಿಲು ಹತ್ತಿದರು... ಅದು ಅವರ ತೋಳಿನ ಬಲ! ಹೊರುವುದೇ ಅವರ ಕಸುಬು. ಅದಕ್ಕೇಕೆ ಹಾಗೆ ಸುಮ್ಮನಾದಿರಿ? ಮೂರು ಮೂರು ಅಂದದ್ದು ಮಾತಿಗೆ. ಎರಡಿರಬಹುದು. ನಾನೇನು ಎಣಿಸಿದೆನೇ?

ಅಳಿಯಂದಿರೇ, ಬೇಡ ಅಂದೆ. ನಾನು ಈ ಮನೆಯ ಹಿರಿಯ. ನಿಮ್ಮ ಮದುವೆಯಲ್ಲಿ ನಾನು ನಿಮ್ಮ ಕಸುಬನ್ನು ಹೀಗಳೆದದ್ದು ಉಂಟು, 'ಪೆಟ್ಟಿಗೆ ಮಾಡುವವರಿಗೆ ಮಗಳನ್ನು ಕೊಟ್ಟೆ' ಅಂತ ನೆಂಟರ ಮುಂದೆ ಅಂದದ್ದು ಉಂಟು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ತೀರಿಸಿಕೊಳ್ಳುತ್ತೀರಾದರೆ ತೀರಿಸಿಕೊಳ್ಳಿ, ಬೈಯಿರಿ, ಎದುರಾಡಿ! ಆದರೆ ಆ ಪೆಟ್ಟಿಗೆಗೆ ಕೊಕ್ಕೆ ಹಾಕಬೇಡಿ. ನನ್ನ ವಸ್ತು ಅದು. ಕೇಳಿಸಿತೇ? ಅಳಿಯಂದಿರೇ!

...

ಎತ್ತಿದಿರಾ?

...

ಅದೇನು ಅಷ್ಟು ನಿಧಾನ? ಮೊಣಕಾಲು ಬಗ್ಗಿಸಿ, ಸೊಂಟಕ್ಕೆ ಕೈ ಕೊಟ್ಟು, 'ಹುಶ್ಶಪ್ಪಾ' ಅಂತ ಉಸಿರು ಬಿಟ್ಟು ಇಳಿಸುವಂಥದು ಅದರಲ್ಲೇನಿದೆ? ನಾಟಕ ನಿಮಗೆ ಬರುವುದಿಲ್ಲ ಬಿಡಿ. ನಿಘಂಟಿನ ಪೆಟ್ಟಿಗೆ ಇಳಿಸಿದಾಗ ನೆಲ ಧೊಪ್ ಅಂದಿತ್ತು. ಇದು ಇಟ್ಟಾಗ ಸದ್ದೇ ಇಲ್ಲ. ಪಿಂಜಿದ ಹತ್ತಿ ಇಟ್ಟ ಹಾಗೆ.

ತಕ್ಕಡಿ ಎಷ್ಟು ತೋರಿಸಿತು? ಹೇಳಿ.

ಹೇಳಿ ಅಂದರೆ! ಇಷ್ಟು ಹೊತ್ತು ಲೆಕ್ಕ ಲೆಕ್ಕ ಅಂತ ಕುಣಿಯುತ್ತಿದ್ದಿರಿ. ಈಗ ಬಾಯಿಗೆ ಬೀಗ ಬಿತ್ತೇ? ಇನ್ನೊಂದು ತೂಗುತ್ತೀರಾ? ತೂಗಿ. ಎಲ್ಲವನ್ನೂ ತೂಗಿ. ಅದರ ಪಕ್ಕದ್ದೂ ಅಷ್ಟೇ, ಮೇಲಿನದೂ ಅಷ್ಟೇ. ಹಳೆಯ ಪೇಪರನ್ನು ಉಂಡೆ ಮಾಡಿ ತುಂಬಲು ನನಗೆ ಎರಡು ದಿನ ಹಿಡಿಯಿತು. ರಟ್ಟು ಕುಸಿಯಬಾರದಲ್ಲ, ಒತ್ತಿ ಒತ್ತಿ ತುಂಬಿದೆ. ಅಷ್ಟು ಜಾಗಕ್ಕೆ ಅಷ್ಟು ಕಡಿಮೆ ಭಾರ. ನಿಮ್ಮ ಪತ್ರಿಕೆಯವರು ಇದರ ಚಿತ್ರವನ್ನೂ ಹಾಕಬಹುದು.

ಪುಸ್ತಕ ಓದುವವರ ಮನೆಗೆ ಹೋಯಿತು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಅದೇ ಕಾಲೇಜಿನಲ್ಲಿ ನನ್ನ ಪಾಠವನ್ನೇ ಹೇಳುತ್ತಾಳೆ. ಹೊರುವಾಗ ಅತ್ತಳು, ಮೂರ್ಖಳು. ನಿಘಂಟು ಮಾತ್ರ ಕೊಡಲಿಲ್ಲ. ಅದೇಕೆ ಕೊಡಲಿಲ್ಲ ಅಂತ ನನಗೂ ಗೊತ್ತಿಲ್ಲ. ಪುಟ ಬಿಡಿಸಿದರೆ ನನ್ನ ಕಣ್ಣಿಗೆ ಬರೀ ಬೂದಿ. ನಡುವೆ ಒಂದು ಬೂದಿಯ ಬೊಟ್ಟು, ನಾನು ಎಲ್ಲಿ ನೋಡುತ್ತೇನೋ ಅಲ್ಲೇ ಬಂದು ಕೂರುತ್ತದೆ. ಅಂಚು ಕಾಣುತ್ತದೆ. ಪುಟದ ಅಂಚಿನಲ್ಲಿ ಯಾರೂ ಏನೂ ಬರೆದಿರುವುದಿಲ್ಲವಲ್ಲ.

ಮಗಳಿಗೆ ಗೊತ್ತಿಲ್ಲ. ಅವಳ ಮುಖ... ಅವಳು ಬಾಗಿಲಲ್ಲಿ ನಿಂತರೆ ಅವಳ ಸೀರೆ ಕಾಣುತ್ತದೆ, ಕೈ ಕಾಣುತ್ತದೆ.

ಅಳಿಯಂದಿರೇ.

ಏನಾದರೂ ಅನ್ನಿ. ಕರುಣೆ ಗಿರುಣೆ ಬೇಡ, ಅದನ್ನು ನಿಮ್ಮ ಮೆಟ್ಟಿಲ ಡ್ರಾಯರಿನಲ್ಲಿ ಇಟ್ಟುಕೊಳ್ಳಿ. ನಗುವುದಾದರೆ ನಕ್ಕುಬಿಡಿ, ನಾನು ನಿಮ್ಮನ್ನು ನೋಡಿ ಬೇಕಾದಷ್ಟು ನಕ್ಕಿದ್ದೇನೆ. ಸಿಟ್ಟು ಬಂದಿದ್ದರೆ ಬೈಯಿರಿ, ಮಗು ಮೂರು ದಿನದಿಂದ ನೆಲದ ಮೇಲೆ ಮಲಗಿದೆ, ಬೈಯುವ ಹಕ್ಕು ನಿಮಗಿದೆ. ಯಾವುದು ಅಂತ ಮಾತ್ರ ಹೇಳಿ. ಸುಮ್ಮನೆ ನಿಂತರೆ ನನಗೆ ತಿಳಿಯುವುದಿಲ್ಲ ಕಣ್ರೀ. ನೀವು ಕಿಟಕಿಯ ಹತ್ತಿರ ನಿಂತಿದ್ದೀರಿ, ನಾನು ನೇರ ನಿಮ್ಮನ್ನೇ ನೋಡುತ್ತಿದ್ದೇನೆ... ನಿಮ್ಮ ಮುಖ ನನಗೆ ಕಾಣುತ್ತಿಲ್ಲ.

ಅಳಿಯಂದಿರು ತಕ್ಕಡಿಯನ್ನು ಒಳಗಿಟ್ಟು ಬಂದರು. ಸಂಜೆ ಮಗಳು ಬಂದಾಗ ಅವರು ಪೆಟ್ಟಿಗೆಯ ವಿಷಯ ಎತ್ತಲಿಲ್ಲ. ಪೆಟ್ಟಿಗೆಯದು, ಕಣ್ಣಿನದು, ಎರಡನ್ನೂ ನಾನೇ ಹೇಳಿದೆ. ಮರುದಿನ ಬಡಗಿ ಬಂದು ಆ ಗೋಡೆಯಲ್ಲಿ ಮಗುವಿನ ಮಂಚದ ಕೆಲಸ ಶುರು ಮಾಡಿದ.